ಸೆಲ್-ಫ್ರೀ ಪ್ರೋಟೀನ್‌ಗೆ ಎಂಆರ್‌ಎನ್‌ಎ ಡಿಸೈನ್ ಮಾಡೋದು ಹೆಂಗ? ಮೊದಲು ಸುರುವಿನ ನಲವತ್ತು ಅಕ್ಷರ ನೋಡ್ರಿ

ಜೀನ್ ಆರ್ಡರ್ ಮಾಡೋ ವೆಬ್‌ಸೈಟ್‌ನ್ಯಾಗ ‘ಕೋಡಾನ್ ಆಪ್ಟಿಮೈಸ್’ ಅಂತ ಒಂದು ಬಟನ್ ಇರ್ತದ, ಅದನ್ನ ಒತ್ತಿಬಿಟ್ರ ಡಿಸೈನ್ ಮುಗೀತು ಅಂತ ನಮ್ ಕಡಿ ಪ್ರಾಜೆಕ್ಟ್ ಮಾಡೋ ಹುಡುಗ್ರು ಭಾಳ ಮಂದಿ ತಿಳ್ಕೊಂಡಾರ. ಮುಗಿಯಂಗಿಲ್ರಿ. ಆ ಬಟನ್ ನೋಡೋದು ಬರೇ ಜೀನ್ ಒಳಗಿನ ಕೋಡಾನ್, ಅಂದ್ರ ಒಂದೊಂದು ಅಮೈನೋ ಆಸಿಡ್‌ಗೆ ಇರೋ ಮೂರಕ್ಷರದ ಗುರ್ತು, ಆದ್ರ ಸೆಲ್-ಫ್ರೀ ಟ್ಯೂಬ್‌ನ್ಯಾಗ ಪ್ರೋಟೀನ್ ಬರ್ತದೋ ಇಲ್ಲೋ ಅನ್ನೋದು ಜಾಸ್ತಿ ನಿರ್ಧಾರ ಆಗೋದು ಎಯುಜಿ, ಅಂದ್ರ ಪ್ರೋಟೀನ್ ಸುರು ಆಗೋ ಮೂರಕ್ಷರ, ಅದರ ಅಕ್ಕಪಕ್ಕದ ಒಂದು ಸಣ್ಣ ತುಣುಕಿನ್ಯಾಗ. ಗುಲ್ಬರ್ಗಾ ಯೂನಿವರ್ಸಿಟಿ, ಕಡಗಂಚಿ ಸೆಂಟ್ರಲ್ ಯೂನಿವರ್ಸಿಟಿ, ಬೀದರ್ ವೆಟರ್ನರಿ ಯೂನಿವರ್ಸಿಟಿ ಹಿಂತಾ ಕಡಿ ಎಂಎಸ್ಸಿ, ಪಿಎಚ್‌ಡಿ ಮಾಡೋರು ಒಂದು ಕಿಟ್ ತರಿಸಬೇಕಂದ್ರೂ ಬೆಂಗಳೂರಿಂದೋ ಹೈದರಾಬಾದಿಂದೋ ಡ್ರೈ ಐಸ್‌ನ್ಯಾಗ ಬರಬೇಕು, ಹತ್ತು ರಿಯಾಕ್ಷನ್ ಸುಮ್ಮ ಹಾಳು ಮಾಡೋ ಪರಿಸ್ಥಿತಿ ಯಾರಿಗೂ ಇಲ್ಲ, ಹಂಗಾಗಿ ಪೈಪೆಟ್ ಹಿಡಿಯೋಕಿಂತ ಮೊದಲು ಕಂಪ್ಯೂಟರ್ ಮುಂದ ಒಂದು ಮಧ್ಯಾಹ್ನ ಕುಂತು ಏನೇನು ನೋಡ್ಕೋಬೇಕು ಅನ್ನೋದನ್ನ ಬರೀಲಿಕ್ಕ ಹತ್ತೀನಿ.

ಸೆಲ್-ಫ್ರೀ ಅಂದ್ರ ಜೀವಂತ ಕೋಶ ಬೇಕಾಗಿಲ್ಲ, ಕೋಶ ಒಡೆದು ಅದರ ರೈಬೋಸೋಮ್ (ಪ್ರೋಟೀನ್ ಕಟ್ಟೋ ಯಂತ್ರ), ಟಿಆರ್‌ಎನ್‌ಎ, ಎಂಜೈಮ್ ಎಲ್ಲಾ ಇರೋ ರಸ ತಗೊಂಡು, ಅದಕ್ಕ ಅಮೈನೋ ಆಸಿಡ್, ಎಟಿಪಿ, ಉಪ್ಪು ಸೇರಿಸಿ, ನಮ್ ಎಂಆರ್‌ಎನ್‌ಎ, ಅಂದ್ರ ಪ್ರೋಟೀನ್ ಹೆಂಗ ಕಟ್ಟಬೇಕು ಅನ್ನೋ ಚೀಟಿ, ಹಾಕಿದ್ರ ಕೆಲವು ತಾಸಿನ್ಯಾಗ ಪ್ರೋಟೀನ್. ತೊಗರಿ ಗೊಡ್ಡು ರೋಗದ ವೈರಸ್‌ದು ಹೊರಕವಚದ ಪ್ರೋಟೀನ್ ಬೇಕು, ಅದರ ಮ್ಯಾಲ ಟೆಸ್ಟ್ ಮಾಡಬೇಕು ಅಂದ್ರ ಬ್ಯಾಕ್ಟೀರಿಯಾ ಬೆಳೆಸಿ ವಾರಗಟ್ಲೆ ಕಾಯೋ ಬದಲು ಈ ದಾರಿ ಛಲೋ. ಇದು ಹೊಸದೇನಲ್ಲ, 1961ರಾಗ ನಿರೆನ್‌ಬರ್ಗ್ ಮತ್ತ ಮಥಾಯ್ ಇ. ಕೋಲೈ ರಸದಾಗ ಬರೇ ಯು-ಯು-ಯು ಇರೋ ಆರ್‌ಎನ್‌ಎ ಹಾಕಿ ಫಿನೈಲ್‌ಅಲನಿನ್ ಸರಪಳಿ ತೆಗೆದ್ರು, ಜೆನೆಟಿಕ್ ಕೋಡ್ ಬಿಚ್ಚಿದ್ದೇ ಅಲ್ಲಿಂದ. ಆ ಆರ್‌ಎನ್‌ಎದಾಗ ಎಯುಜಿನೂ ಇರಲಿಲ್ಲ, ರೈಬೋಸೋಮ್ ಕೂಡೋ ಜಾಗಾನೂ ಇರಲಿಲ್ಲ, ಆದ್ರೂ ಹೆಂಗ ಕೆಲಸ ಮಾಡ್ತು? ಮ್ಯಾಗ್ನೀಸಿಯಂ ಜಾಸ್ತಿ ಇತ್ತು. ಮ್ಯಾಗ್ನೀಸಿಯಂ ಜಾಸ್ತಿ ಆದ್ರ ರೈಬೋಸೋಮ್ ಎಲ್ಲಿ ಬೇಕಾದ್ರ ಅಲ್ಲಿ ಸುರು ಮಾಡ್ತದ. ಈ ಮಾತು ನೆನಪಿಡ್ರಿ, ಕೊನಿಗೆ ಕೆಲಸಕ್ಕ ಬರ್ತದ.

ಮೊದಲು ರಸ ಯಾವುದು ಅಂತ ಗಟ್ಟಿ ಮಾಡ್ಕೋರಿ

ಇದು ಬಿಟ್ಟು ಡಿಸೈನ್ ಸುರು ಮಾಡಲೇಬ್ಯಾಡ್ರಿ, ಯಾಕಂದ್ರ ಒಂದು ರಸಕ್ಕ ಬರೆದ ಎಂಆರ್‌ಎನ್‌ಎ ಇನ್ನೊಂದಕ್ಕ ನಡಿಯಂಗಿಲ್ಲ. ಇ. ಕೋಲೈ ರಸ ಅಗ್ಗ, ಇಳುವರಿ ಛಲೋ, ಸೋನಿಕೇಟರ್ ಮತ್ತ ಹೈ-ಸ್ಪೀಡ್ ಸೆಂಟ್ರಿಫ್ಯೂಜ್ ಇದ್ರ ಲ್ಯಾಬ್‌ನ್ಯಾಗೇ ತಯಾರ ಮಾಡ್ಕೋಬಹುದು. ಗೋಧಿ ಮೊಳಕೆಯ ರಸ ನಿಧಾನ, ಆದ್ರ ದೊಡ್ಡ ಯೂಕ್ಯಾರಿಯೋಟ್ ಪ್ರೋಟೀನ್ ಸರಿಯಾಗಿ ಮಡಚ್ಕೊಂಡು ಬರ್ತದ. ಇದನ್ನ ಗಟ್ಟಿ ಮಾಡಿದ್ದು ಜಪಾನಿನ ಎಂಡೊ ಅವರ ಗುಂಪು, ಮೊಳಕೆಗೆ ಅಂಟಿದ ಹಿಟ್ಟಿನ ಭಾಗ ಪೂರಾ ತೊಳೆದ್ರ ರೈಬೋಸೋಮ್ ಕೆಡಿಸೋ ಪ್ರೋಟೀನ್ ಹೋಗ್ತದ, ರಿಯಾಕ್ಷನ್ ಭಾಳ ಹೊತ್ತು ನಡೀತದ ಅಂತ ತೋರಿಸಿದ್ರು. ಮೊಲದ ರೆಟಿಕ್ಯುಲೊಸೈಟ್ ಲೈಸೇಟ್ 1976ರಿಂದ ಈಗಿನ ರೂಪದಾಗ ಅದ, ಇಳುವರಿ ಕಮ್ಮಿ, ಪರೀಕ್ಷೆಗೆ ಸಾಕು. ಇನ್ನೊಂದು ‘ಪ್ಯೂರ್’ ಸಿಸ್ಟಂ, 2001ರಾಗ ಜಪಾನಿನ ಶಿಮಿಜು, ಉಎಡಾ ಅವರು ಒಂದೊಂದೇ ಪ್ರೋಟೀನ್ ಶುದ್ಧ ಮಾಡಿ ಕೂಡಿಸಿದ್ದು, ಅದರಾಗ ಆರ್‌ಎನ್‌ಎ ತಿನ್ನೋ ಎಂಜೈಮ್ ಇಲ್ಲದಂಗೇ, ಆದ್ರ ರೊಕ್ಕ ಭಾಳ ಬೀಳ್ತದ.

ಬ್ಯಾಕ್ಟೀರಿಯಾ ರಸ ತಗೊಂಡ್ರ ಆರ್‌ಎನ್‌ಎದ ಮುಂದಿನ ತುದಿಗೆ ಹಚ್ಚೋ ಕ್ಯಾಪ್ ಬ್ಯಾಡ, ಹಿಂದಿನ ತುದಿಗೆ ಎ-ಎ-ಎ ಅಂತ ಬರೋ ಪಾಲಿ-ಎ ಬಾಲನೂ ಬ್ಯಾಡ. ಇದನ್ನ ಯಾಕ ಒತ್ತಿ ಹೇಳ್ತೀನಂದ್ರ ಕೋವಿಡ್ ಲಸಿಕೆ ಬಂದ ಮ್ಯಾಲ ಎಂಆರ್‌ಎನ್‌ಎ ಅಂದ ಕೂಡ್ಲೆ ಕ್ಯಾಪ್, ಉದ್ದ ಬಾಲ, ಸೂಡೊಯುರಿಡಿನ್ (ಯು ಬದಲು ಹಾಕೋ ಅಕ್ಷರ) ಅಂತ ಸುರು ಮಾಡ್ತಾರ. ಅವೆಲ್ಲಾ ನಮ್ಮ ನಿಮ್ಮ ಜೀವಕೋಶಕ್ಕ ಹೊಂದೋ ಮಾತು. ಬ್ಯಾಕ್ಟೀರಿಯಾದಾಗ ಎ-ಎ-ಎ ಬಾಲ ಅಂದ್ರ ‘ಇದನ್ನ ಕಡಿದು ಹಾಕ್ರಿ’ ಅನ್ನೋ ಗುರ್ತು, ಬಾಲ ಹಚ್ಚಿದ್ರ ಆರ್‌ಎನ್‌ಎ ಇನ್ನಾ ಲಗೂ ಹೋಗ್ತದ. ಸೂಡೊಯುರಿಡಿನ್ ಹಾಕಿದ್ರೂ ಇ. ಕೋಲೈ ರಸದಾಗ ಲಾಭ ಇಲ್ಲ.

ಮುಂಭಾಗ, ಅಂದ್ರ ಎಯುಜಿಗಿಂತ ಮೊದಲು ಬರೋ ಲೀಡರ್

ಟಿ7 ಪಾಲಿಮರೇಸ್, ಅಂದ್ರ ಡಿಎನ್‌ಎ ನೋಡಿ ಆರ್‌ಎನ್‌ಎ ಬರೆಯೋ ಎಂಜೈಮ್, ಅದರಿಂದ ಆರ್‌ಎನ್‌ಎ ಮಾಡೋದಾದ್ರ ಡಿಎನ್‌ಎದಾಗ ಅದಕ್ಕ ಸುರುವಿನ ಗುರ್ತು, ಅಂದ್ರ ಟಿ7 ಪ್ರಮೋಟರ್ ಬೇಕು: ಟಿ-ಎ-ಎ-ಟಿ-ಎ-ಸಿ-ಜಿ-ಎ-ಸಿ-ಟಿ-ಸಿ-ಎ-ಸಿ-ಟಿ-ಎ-ಟಿ-ಎ-ಜಿ. ಕೊನೀ ಜಿ ಏನದ ಅದೇ ನಿಮ್ಮ ಆರ್‌ಎನ್‌ಎದ ಮೊದಲನೇ ಅಕ್ಷರ. ಅದರ ಮುಂದ ಇನ್ನೊಂದೆರಡು ಜಿ ಇಟ್ರ ಆರ್‌ಎನ್‌ಎ ಭರ್ಜರಿ ಬರ್ತದ, ಜಿ-ಜಿ-ಜಿ-ಎ-ಜಿ-ಎ ಅಂತ ಸುರು ಆಗೋದು ಎಲ್ಲಾ ಕಡಿ ನೋಡ್ತೀರಿ.

ಇ. ಕೋಲೈಗೆ ಆಮ್ಯಾಲ ಬರೋದು ಶೈನ್-ಡಾಲ್ಗಾರ್ನೊ ತುಣುಕು. ರೈಬೋಸೋಮ್‌ನ 16ಎಸ್ ಆರ್‌ಎನ್‌ಎದ ತುದಿ ಇದಕ್ಕ ಜೋಡಿ ಬೀಳ್ತದ, ಬಿದ್ದ ಮ್ಯಾಲ ಎಯುಜಿ ಸರಿಯಾದ ಜಾಗಾಕ್ಕ ಕೂಡ್ತದ. ಪಿಇಟಿ ಅನ್ನೋ ಪ್ಲಾಸ್ಮಿಡ್‌ನ್ಯಾಗ (ಜೀನ್ ಹೊರೋ ಉಂಗುರದಂಥ ಡಿಎನ್‌ಎ) ಇರೋ ಟಿ7 ಫೇಜ್ ಜೀನ್ 10ರ ಲೀಡರ್ ನೋಡ್ರಿ, ಹತ್ರದಿಂದ ನೋಡಿದ್ರ ಹಿಂಗ ಅದ: ಎ-ಎ-ಜಿ-ಜಿ-ಎ-ಜಿ, ಆಮ್ಯಾಲ ಎ-ಯು-ಎ-ಯು-ಎ-ಸಿ-ಎ-ಯು, ಆಮ್ಯಾಲ ಎ-ಯು-ಜಿ. ನಡುವ ಎಂಟು ಅಕ್ಷರ, ಅದರಾಗ ಒಂದೇ ಸಿ, ಉಳಿದದ್ದೆಲ್ಲಾ ಎ ಮತ್ತ ಯು. ಐದರಿಂದ ಒಂಬತ್ತು ಅಕ್ಷರ ಅಂತರ ನಡೀತದ. ಇದನ್ನ ಹಂಗೇ ಎತ್ಕೊಂಡು ಬಳಸ್ರಿ, ಸ್ವಂತದ್ದು ಕಂಡುಹಿಡೀಲಿಕ್ಕ ಹೋಗಬ್ಯಾಡ್ರಿ. ಕೆಡೋದು ಎಲ್ಲಿ ಅಂದ್ರ ಕ್ಲೋನಿಂಗ್ ಸುಲಭ ಆಗಲಿ ಅಂತ ಈ ಎಂಟು ಅಕ್ಷರದ ನಡುವ ಇನ್ನೊಂದು ರೆಸ್ಟ್ರಿಕ್ಷನ್ ಸೈಟ್ (ಎಂಜೈಮ್ ಡಿಎನ್‌ಎ ಕತ್ತರಿಸೋ ಜಾಗಾ) ತುರುಕ್ತಾರ, ಅಂತರ ಹದಿನಾಲ್ಕು ಆಗ್ತದ, ಮತ್ತ ಆ ಸೈಟ್ ಜಿ-ಸಿ ತುಂಬಿದ್ದಿದ್ರ ಅಲ್ಲೇ ಆರ್‌ಎನ್‌ಎ ತನ್ನ ಮ್ಯಾಲೇ ಮಡಚಿ ಒಂದು ಗಂಟು ಬೀಳ್ತದ. ಸೈಟ್ ಬೇಕೇ ಬೇಕಂದ್ರ ಎನ್‌ಡಿಇ-1 ತಗೋರಿ, ಅದರ ಅಕ್ಷರ ಸಿ-ಎ-ಟಿ-ಎ-ಟಿ-ಜಿ, ಎಯುಜಿ ಅದರೊಳಗೇ ಕೂಡ್ತದ.

ಗೋಧಿ ರಸಕ್ಕ ಈ ಶೈನ್-ಡಾಲ್ಗಾರ್ನೊ ಏನೂ ಕೆಲಸಕ್ಕ ಬರಂಗಿಲ್ಲ. ಅಲ್ಲಿ ತಂಬಾಕು ಮೊಸಾಯಿಕ್ ವೈರಸ್‌ದ ಒಮೆಗಾ ಲೀಡರ್ ಹಾಕ್ತಾರ, ಅದು ಇದ್ರ ಕ್ಯಾಪ್ ಇಲ್ಲದೇನೂ ನಡೀತದ, ಕ್ಯಾಪ್ ರೊಕ್ಕ ಉಳೀತದ. ಮೊಲದ ಲೈಸೇಟ್‌ಗೆ ಎಯುಜಿ ಹಿಂದ ಜಿ-ಸಿ-ಸಿ-ಎ-ಸಿ-ಸಿ, ಎಯುಜಿ ಮುಂದ ಒಂದು ಜಿ, ಇದು ಕೊಜಾಕ್ ತುಣುಕು, ಅದರಾಗೂ ಎಯುಜಿಗಿಂತ ಮೂರು ಅಕ್ಷರ ಹಿಂದಿನ ಎ ಮುಖ್ಯ. ಈ ಎರಡೂ ರಸದಾಗ ರೈಬೋಸೋಮ್ ಮುಂದಿನಿಂದ ಸ್ಕ್ಯಾನ್ ಮಾಡ್ಕೋತ ಬರ್ತದ, ಲೀಡರ್‌ನ್ಯಾಗ ಎಲ್ಲರ ಬ್ಯಾರೆ ಎಯುಜಿ ಅಡಗಿದ್ರ ಅಲ್ಲೇ ಸುರು ಮಾಡಿ ಕೆಡಿಸ್ತದ, ಅದಕ್ಕ ಲೀಡರ್ ಒಮ್ಮೆ ಎಯುಜಿ ಹಾಕಿ ಸರ್ಚ್ ಹೊಡೀರಿ, ಎರಡು ಸೆಕೆಂಡಿನ ಕೆಲಸ.

ಈಗ ಅಸಲಿ ಕೆಲಸ: ಎಯುಜಿ ಆದ ಮ್ಯಾಲಿನ ಹತ್ತು-ಹನ್ನೆರಡು ಕೋಡಾನ್

ಇಲ್ಲಿ ಅರ್ಧ ತಾಸು ಜಾಸ್ತಿ ಕೂಡ್ರಿ. 2009ರಾಗ ಕುಡ್ಲಾ, ಪ್ಲಾಟ್‌ಕಿನ್ ಮತ್ತ ಅವರ ಜೊತಿಯವರು ಜಿಎಫ್‌ಪಿ, ಅಂದ್ರ ಹಸಿರು ಹೊಳಿಯೋ ಪ್ರೋಟೀನ್, ಅದರ ಜೀನ್ 154 ನಮೂನಿ ಬರೆದ್ರು, ಎಲ್ಲಾದರಿಂದ ಬರೋ ಪ್ರೋಟೀನ್ ಒಂದೇ, ಕೋಡಾನ್ ಅಷ್ಟ ಬ್ಯಾರೆ. ಇ. ಕೋಲೈದಾಗ ಹಾಕಿ ಹೊಳಪು ಅಳೆದ್ರ 250 ಪಟ್ಟು ಫರಕ ಬಂತು. ಯಾಕ ಅಂತ ಹುಡುಕಿದ್ರ ಕೋಡಾನ್ ‘ಛಲೋ’ ಇದ್ದದ್ದು ‘ಕೆಟ್ಟ’ ಇದ್ದದ್ದು ಅನ್ನೋದಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ, ಎಯುಜಿಗಿಂತ ನಾಲ್ಕು ಅಕ್ಷರ ಹಿಂದಿನಿಂದ ಮೂವತ್ತೇಳು ಅಕ್ಷರ ಮುಂದಿನ ತನಕ ಆರ್‌ಎನ್‌ಎ ಎಷ್ಟು ಬಿಗಿಯಾಗಿ ಮಡಚ್ಕೊಂಡದ ಅನ್ನೋದೊಂದೇ ಅರ್ಧಕ್ಕಿಂತ ಜಾಸ್ತಿ ಫರಕ ಹೇಳ್ತು. ಅದು ಜೀವಂತ ಬ್ಯಾಕ್ಟೀರಿಯಾದ ಲೆಕ್ಕ, ಟ್ಯೂಬ್‌ನ್ಯಾಗ ಅಂಕಿ ಬ್ಯಾರೆ ಬರಬಹುದು, ಆದ್ರ ಕಾರಣ ಅದೇ: ರೈಬೋಸೋಮ್ ಕೂಡೋ ಜಾಗಾ ಗಂಟಾಗಿದ್ರ ಅದು ಕೂಡೋದೇ ಇಲ್ಲ. ನಮ್ ಕಲಬುರಗಿ ಸೂಪರ್ ಮಾರ್ಕೆಟ್‌ನಿಂದ ಹೊಂಟ ಸಿಟಿ ಬಸ್ಸಿನ ಬಾಗಲದಾಗೇ ಮಂದಿ ಜಮಾಯಿಸಿ ನಿಂತ್ರ ಒಳಗ ಎಷ್ಟ ಸೀಟು ಖಾಲಿ ಇದ್ರೂ ಹತ್ತೋರು ಹತ್ತಂಗಿಲ್ಲ, ಒಳಗಿನ ಕೋಡಾನ್ ಎಷ್ಟ ಆಪ್ಟಿಮೈಸ್ ಮಾಡಿದ್ರೂ ಇದೇ ಹಣೇಬರಹ.

ಒಂದು ಉದಾಹರಣೆ ತಗೊಳ್ರಿ. ಪ್ರೋಟೀನ್ ಸುರು ಮೆಥಿಯೊನಿನ್, ಗ್ಲೈಸಿನ್, ಅಲನಿನ್, ಆರ್ಜಿನಿನ್, ಪ್ರೊಲಿನ್, ಅಲನಿನ್ ಅಂತ ಇಟ್ಕೋರಿ. ಬಂದ ಜೀನ್‌ನ್ಯಾಗ ಬರೆದದ್ದು: ಎಯುಜಿ, ಜಿಜಿಸಿ, ಜಿಸಿಸಿ, ಸಿಜಿಜಿ, ಸಿಸಿಜಿ, ಜಿಸಿಸಿ. ಎಯುಜಿ ಬಿಟ್ರ ಹದಿನೈದಕ್ಕ ಹದಿನೈದೂ ಜಿ ಅಥವಾ ಸಿ! ಇದು ತನ್ನಷ್ಟಕ್ಕ ತಾನೇ ಮಡಚಿ ಕಲ್ಲಾಗ್ತದ. ಈಗ ಮೂರನೇ ಅಕ್ಷರ ಅಷ್ಟ ಬದಲಿ ಮಾಡ್ರಿ: ಎಯುಜಿ, ಜಿಜಿಯು, ಜಿಸಿಎ, ಸಿಜಿಯು, ಸಿಸಿಎ, ಜಿಸಿಎ. ಪ್ರೋಟೀನ್ ಒಂದು ಕೂದಲಷ್ಟೂ ಬದಲಾಗಿಲ್ಲ, ಜಿ-ಸಿ ಹದಿನೈದರಿಂದ ಹತ್ತಕ್ಕ ಇಳೀತು. ಇದರ ಮ್ಯಾಲನೂ ಗಟ್ಟಿ ಇದ್ರ ಮತ್ತ ಪ್ರೋಟೀನ್‌ಗೆ ಮುಂದ ಒಂದು ಟ್ಯಾಗ್ ಇದ್ರ ನಡೀತದ ಅಂದ್ರ, ಎಯುಜಿ ಆದ ಕೂಡ್ಲೆ ಎ ತುಂಬಿದ ಒಂದೆರಡು ಕೋಡಾನ್, ಎಎಎ ಹಂಗಿದ್ದು, ಸೇರಿಸಿ ನೋಡಬಹುದು.

ಹಿಂಗ ಕೈಯಿಂದ ಎಂಟ್ಹತ್ತು ನಮೂನಿ ಬರ್ಕೊಂಡು ಒಂದೊಂದನ್ನ ಆರ್‌ಎನ್‌ಎಫೋಲ್ಡ್‌ನ್ಯಾಗ ಹಾಕ್ರಿ, ವಿಯೆನ್ನಾ ಯೂನಿವರ್ಸಿಟಿದು, ವೆಬ್ ಮ್ಯಾಲ ಫುಕಟ್ ಸಿಗ್ತದ, ಮೊಬೈಲ್‌ನ್ಯಾಗೂ ತೆರೀತದ. ಪೂರಾ ಜೀನ್ ಹಾಕಬ್ಯಾಡ್ರಿ, ಎಯುಜಿಗಿಂತ ಮೂವತ್ತು ಅಕ್ಷರ ಹಿಂದಿನಿಂದ ನಲವತ್ತು ಅಕ್ಷರ ಮುಂದಿನ ತನಕ ಹಾಕ್ರಿ. ಚುಕ್ಕಿ ಇದ್ದಲ್ಲಿ ಅಕ್ಷರ ಬಿಚ್ಚಿಕೊಂಡದ, ಕಂಸ ಇದ್ದಲ್ಲಿ ಜೋಡಿ ಬಿದ್ದದ, ಎಯುಜಿ ಮತ್ತ ಶೈನ್-ಡಾಲ್ಗಾರ್ನೊ ಮ್ಯಾಲ ಚುಕ್ಕಿನೇ ಇರಬೇಕು. ಎನರ್ಜಿ ಅಂಕಿ ಸೊನ್ನೆಗೆ ಎಷ್ಟು ಹತ್ರ ಅಷ್ಟು ಛಲೋ. ಮತ್ತ ಭಾಳ ಮಂದಿ ಬಿಡೋದು ಒಂದದ: ಆ ಸಾಫ್ಟ್‌ವೇರ್ ತಾನಾಗೇ 37 ಡಿಗ್ರಿ ಹಿಡೀತದ, ಗೋಧಿ ರಿಯಾಕ್ಷನ್ ನಡಿಯೋದು 15ರಿಂದ 26 ಡಿಗ್ರಿ ಒಳಗ, ತಂಪಾದಷ್ಟೂ ಗಂಟು ಬಿಗೀತದ, ಹಂಗಾಗಿ ಆಪ್ಷನ್‌ನ್ಯಾಗ ಹೋಗಿ ನಿಮ್ಮ ರಿಯಾಕ್ಷನ್ ಉಷ್ಣತೆ ಹಾಕಿ ಮತ್ತೊಮ್ಮೆ ನೋಡ್ರಿ.

ಛಲೋ ಕಂಡ ಎರಡು ಮೂರು ನಮೂನಿ ಆರ್ಡರ್ ಮಾಡ್ರಿ, ಒಂದೇ ಮಾಡಬ್ಯಾಡ್ರಿ. ಸಾಫ್ಟ್‌ವೇರ್ ಅಂದಾಜು ಹೇಳ್ತದ ಅಷ್ಟ. ಮುಂಭಾಗ ಅಷ್ಟೇ ಬ್ಯಾರೆ ಇರೋದರಿಂದ ಪೂರಾ ಜೀನ್ ಮತ್ತ ಮತ್ತ ಮಾಡಿಸಬೇಕಿಲ್ಲ, ಫಾರ್ವರ್ಡ್ ಪ್ರೈಮರ್ ಬದಲಿ ಮಾಡಿ ಪಿಸಿಆರ್ ಹೊಡೆದ್ರ ಆತು.

ಉಳಿದ ಜೀನ್

ಇದಕ್ಕ ಭಾಳ ತಲಿ ಕೆಡಿಸ್ಕೋಬ್ಯಾಡ್ರಿ. ಇ. ಕೋಲೈಗೆ ಎಜಿಜಿ, ಎಜಿಎ, ಎಯುಎ, ಸಿಯುಎ ಇವು ಅಪರೂಪದ ಕೋಡಾನ್, ಅದರಾಗೂ ಎರಡು ಎಜಿಜಿ ಒಂದರ ಹಿಂದ ಒಂದು ಬಂದ್ರ ರೈಬೋಸೋಮ್ ಅಲ್ಲೇ ನಿಂತ್ಕೋತದ, ಅವನ್ನ ತೆಗೀರಿ. ಇನ್ನೊಂದು ಹುಡುಕೋದು: ಜೀನ್ ನಡುವ ಶೈನ್-ಡಾಲ್ಗಾರ್ನೊ ಹಂಗ ಕಾಣೋ ತುಣುಕು, ಅದರ ಮುಂದ ಐದಾರು ಅಕ್ಷರಕ್ಕ ಒಂದು ಎಯುಜಿ. ಲೈಸಿನ್-ಗ್ಲುಟಮೇಟ್ ಒಟ್ಟಿಗೆ ಬಂದಲ್ಲಿ ಎಎಜಿ-ಜಿಎಜಿ ಅಂತ ಬರೆದಿದ್ರ ನೋಡ್ರಿ, ಅದು ಅಸಲಿ ಎ-ಎ-ಜಿ-ಜಿ-ಎ-ಜಿನೇ! ಎಎಎ-ಜಿಎಎ ಅಂತ ತಿದ್ದ್ರಿ. ಇಲ್ಲಂದ್ರ ನಡುವಿನಿಂದ ಸುರು ಆದ ಸಣ್ಣ ಪ್ರೋಟೀನ್ ಜೆಲ್‌ನ್ಯಾಗ ಕೆಳಗ ಒಂದು ಬ್ಯಾಂಡ್ ಕೊಡ್ತದ, ಗೈಡ್ ‘ಡಿಗ್ರೇಡ್ ಆಗ್ಯದ’ ಅಂತಾರ, ನೀವು ಪ್ರೋಟಿಯೇಸ್ ಇನ್ಹಿಬಿಟರ್ ತರಿಸ್ತೀರಿ, ಏನೂ ಆಗಂಗಿಲ್ಲ.

ಸ್ಟಾಪ್‌ಗೆ ಯುಎಎ, ಎರಡು ಸಲ ಬರೆದ್ರ ಇನ್ನಾ ಗಟ್ಟಿ.

ಹಿಂಭಾಗದಾಗ ಇ. ಕೋಲೈಗೆ ಒಂದು ಗಟ್ಟಿ ಹೇರ್‌ಪಿನ್, ಅಂದ್ರ ಮಡಚಿದ ಗಂಟು, ಇಡ್ರಿ, ಟಿ7 ಟರ್ಮಿನೇಟರ್‌ನ ಹೇರ್‌ಪಿನ್ ಸಾಕು, ತುದಿಯಿಂದ ತಿನ್ಕೋತ ಬರೋ ಎಂಜೈಮ್‌ಗೆ ಅಡ್ಡ ಆಗ್ತದ. ಸುರುವಿನ್ಯಾಗ ಗಂಟು ಬ್ಯಾಡ, ಕೊನಿಗೆ ಗಂಟು ಬೇಕು. ಗೋಧಿ ರಸಕ್ಕ ಬಾಲದ ಬದಲು ಉದ್ದನ್ನ ಹಿಂಭಾಗ, ಸಾವಿರಕ್ಕಿಂತ ಜಾಸ್ತಿ ಅಕ್ಷರದ್ದು, ಇಟ್ರೂ ನಡೀತದ ಅಂತ ಎಂಡೊ ಗುಂಪಿನವರೇ ತೋರಿಸ್ಯಾರ, ಪಿಇಯು ವೆಕ್ಟರ್‌ನ್ಯಾಗ ಅದು ತಯಾರಿರ್ತದ.

ಆರ್‌ಎನ್‌ಎ ಮಾಡೋದು

ಪ್ಲಾಸ್ಮಿಡ್ ಕತ್ತರಿಸಿ ಉದ್ದಕ್ಕ ಮಾಡೋವಾಗ ಕೆಪಿಎನ್-1, ಪಿಎಸ್‌ಟಿ-1 ಬಳಸಬ್ಯಾಡ್ರಿ. ಅವು 3 ಪ್ರೈಮ್ ಕಡಿ ಬಾಲ ಬಿಡ್ತಾವ, ಟಿ7 ಅಲ್ಲಿಂದ ತಿರುಗಿ ಉಲ್ಟಾ ಆರ್‌ಎನ್‌ಎನೂ ಮಾಡ್ತದ. ಉಲ್ಟಾ ಸೀದಾ ಎರಡೂ ಸೇರಿ ಜೋಡಿ ಎಳೆ ಆಗ್ತದ, ಮೊಲದ ಲೈಸೇಟ್‌ನ್ಯಾಗ ಜೋಡಿ ಎಳೆ ಜರಾ ಬಿದ್ರೂ ವೈರಸ್ ಬಂತು ಅಂತ ತಿಳ್ಕೊಂಡು ಪೂರಾ ಅನುವಾದ ಬಂದ್ ಮಾಡ್ತದ. ಬ್ಯಾಮ್‌ಎಚ್-1 ಹಿಂತಾದ್ದು ತಗೋರಿ. ಇ. ಕೋಲೈದಾಗ ನೇರ ಪಿಸಿಆರ್ ಡಿಎನ್‌ಎನೇ ಹಾಕಿ ಒಂದೇ ಟ್ಯೂಬ್‌ನ್ಯಾಗ ಆರ್‌ಎನ್‌ಎ-ಪ್ರೋಟೀನ್ ಎರಡೂ ತೆಗಿಯೋದಾದ್ರ ರೆಕ್‌ಬಿಸಿಡಿ ಎಂಜೈಮ್ ತುದಿಯಿಂದ ಡಿಎನ್‌ಎ ತಿಂದುಬಿಡ್ತದ, ಲ್ಯಾಂಬ್ಡಾ ಫೇಜ್‌ನ ಗ್ಯಾಮ್‌ಎಸ್ ಪ್ರೋಟೀನ್ ಸೇರಿಸ್ಬೇಕು.

ಟಿ7 ರಿಯಾಕ್ಷನ್ 37 ಡಿಗ್ರಿ, ಎರಡರಿಂದ ನಾಲ್ಕು ತಾಸು, ಡಿಎನ್‌ಎಸ್ (ಡಿಎನ್‌ಎ ತಿನ್ನೋ ಎಂಜೈಮ್) ಹಾಕಿ ಟೆಂಪ್ಲೇಟ್ ಡಿಎನ್‌ಎ ತೆಗೀರಿ, ಲಿಥಿಯಂ ಕ್ಲೋರೈಡ್‌ನಿಂದ ಆರ್‌ಎನ್‌ಎ ಇಳಿಸ್ರಿ, 70 ಪರ್ಸೆಂಟ್ ಎಥನಾಲ್‌ನಿಂದ ತೊಳೀರಿ. ನೀರಿನ್ಯಾಗ ಕರಗಿಸ್ರಿ, ಟಿಇ ಬಫರ್‌ನ್ಯಾಗ ಬ್ಯಾಡ, ಯಾಕಂದ್ರ ಇಡಿಟಿಎ ಮುಂದ ಮ್ಯಾಗ್ನೀಸಿಯಂ ಹಿಡ್ಕೋತದ. ತೊಳಿಯೋಕಿಂತ ಮೊದಲು 260 ನ್ಯಾನೋಮೀಟರ್ ಬೆಳಕಿನ್ಯಾಗ ಅಳತಿ ತಗೊಂಡ್ರ ಉಳಿದ ನ್ಯೂಕ್ಲಿಯೊಟೈಡೂ ಸೇರಿ ಭಾರಿ ಅಂಕಿ ತೋರಿಸ್ತದ, ಖುಷಿ ಪಡಬ್ಯಾಡ್ರಿ. ತೊಳೆದ ಮ್ಯಾಲ 1 ರೀಡಿಂಗ್ ಅಂದ್ರ ಮಿಲಿಲೀಟರ್‌ಗೆ 40 ಮೈಕ್ರೋಗ್ರಾಂ. 900 ಅಕ್ಷರದ ಆರ್‌ಎನ್‌ಎ ಆದ್ರ 1 ಮೈಕ್ರೋಗ್ರಾಂ ಅಂದ್ರ ಸುಮಾರು 3.5 ಪಿಕೋಮೋಲ್, ನಮೂನಿ ನಮೂನಿ ಹೋಲಿಸೋವಾಗ ಮೈಕ್ರೋಗ್ರಾಂ ಬಿಟ್ಟು ಪಿಕೋಮೋಲ್ ಲೆಕ್ಕ ಹಾಕ್ರಿ.

ಜೆಲ್ ಓಡಿಸದೇ ಮುಂದ ಹೋಗಬ್ಯಾಡ್ರಿ. ಫಾರ್ಮಾಲ್ಡಿಹೈಡ್ ಜೆಲ್‌ನ ವಾಸನಿ ಬ್ಯಾಡಂದ್ರ ಅಗರೋಸ್ ಕರಗಿಸೋಕಿಂತ ಮೊದಲು ಬಟ್ಟಿಗೆ ಹಾಕೋ ಸಾದಾ ಬ್ಲೀಚ್ ಒಂದು ಪರ್ಸೆಂಟ್ ಆಸುಪಾಸು ಹಾಕಿದ್ರ ಆರ್‌ಎನ್‌ಎ ಜೆಲ್ ತಯಾರ. ಒಂದು ಚೊಕ್ಕ ಬ್ಯಾಂಡ್ ಬರಬೇಕು, ಕೆಳಗ ಮಂಜಿನಂಗ ಹರಡಿದ್ರ ಆರ್‌ಎನ್‌ಎಸ್, ಅಂದ್ರ ಆರ್‌ಎನ್‌ಎ ತಿನ್ನೋ ಎಂಜೈಮ್, ಬಡ್ದದ ಅಂತ.

ಆರ್‌ಎನ್‌ಎಸ್ ವಿಷಯದಾಗ ನಮ್ ಊರಿಂದೇ ಒಂದು ತಾಪತ್ರಯ. ಏಪ್ರಿಲ್-ಮೇದಾಗ 42 ಡಿಗ್ರಿ ಬಿಸಲು, ಕೈ ಬೆವತಿರ್ತದ, ಮ್ಯಾಲ ಫ್ಯಾನ್ ತಿರುಗ್ತಿರ್ತದ, ಬೆವರಿನ್ಯಾಗೂ ಧೂಳಿನ್ಯಾಗೂ ಆರ್‌ಎನ್‌ಎಸ್ ಇದ್ದೇ ಇರ್ತದ. ಆರ್‌ಎನ್‌ಎ ಟ್ಯೂಬ್ ತೆರೆದಾಗ ಫ್ಯಾನ್ ಬಂದ್, ಗ್ಲೌಸ್ ಮ್ಯಾಲಿಂದ ಮ್ಯಾಲ ಬದಲಿ, ಸಾಧ್ಯ ಆದ್ರ ಮುಂಜಾನಿ ಲಗೂ ಬಂದು ಈ ಕೆಲಸ ಮುಗಿಸ್ರಿ. ಡಿಇಪಿಸಿ (ಆರ್‌ಎನ್‌ಎಸ್ ಕೆಡಿಸೋ ರಾಸಾಯನಿಕ) ನೀರು ಮಾಡ್ಕೋರಿ, ಟ್ರಿಸ್ ಬಫರ್‌ಗೆ ಡಿಇಪಿಸಿ ಹಾಕಬ್ಯಾಡ್ರಿ, ಅದು ಟ್ರಿಸ್ ಜೊತಿನೇ ಕೂಡಿ ಖರ್ಚಾಗ್ತದ. ರಸನ ಸಣ್ಣ ಸಣ್ಣ ಟ್ಯೂಬ್‌ನ್ಯಾಗ ಹಂಚಿ ದ್ರವ ಸಾರಜನಕದಾಗ ಅದ್ದಿ ಮೈನಸ್ 80ರಾಗ ಇಡ್ರಿ, ಒಮ್ಮೆ ಕರಗಿಸಿದ್ದು ಮತ್ತ ಒಳಗ ಹೋಗಬಾರದು. ದ್ರವ ಸಾರಜನಕ ಎಲ್ಲಿ ಸಿಗ್ತದ ಅಂತ ಕೇಳ್ತಾರ: ದನಗಳ ಕೃತಕ ಗರ್ಭಧಾರಣೆ ಮಾಡೋರ ಹತ್ರ ವಿಚಾರಿಸ್ರಿ, ವೀರ್ಯದ ಕಡ್ಡಿ ಅವರು ಅದರಾಗೇ ಇಡ್ತಾರ, ದೇವಣಿ ದನ ಇರೋ ಬೀದರ್ ಕಡಿ ಅಂತೂ ಇದು ಹೊಸ ಮಾತಲ್ಲ.

ಟ್ಯೂಬ್‌ನ್ಯಾಗ ಹಾಕೋದು

ಹಾಕೋಕಿಂತ ಮೊದಲು ಆರ್‌ಎನ್‌ಎ 65 ಡಿಗ್ರಿಗೆ ಮೂರು ನಿಮಿಷ ಇಟ್ಟು ಕೂಡ್ಲೆ ಐಸ್‌ನ್ಯಾಗ ಇಡ್ರಿ, ಸಣ್ಣ ಪುಟ್ಟ ಗಂಟು ಬಿಚ್ಚ್ತಾವ. ಆರ್‌ಎನ್‌ಎ ಜಾಸ್ತಿ ಹಾಕಿದಷ್ಟೂ ಪ್ರೋಟೀನ್ ಜಾಸ್ತಿ ಅಂತ ಇಲ್ಲ, ಒಂದು ಮಟ್ಟ ದಾಟಿದ್ರ ಇಳೀತದ, ಅದಕ್ಕ ಅರ್ಧ, ಒಂದು, ಎರಡು ಪಟ್ಟು ಹಾಕಿ ನೋಡ್ರಿ. ಮ್ಯಾಗ್ನೀಸಿಯಂ ಸುರುವಿನ್ಯಾಗ ಹೇಳಿದ್ದು ಇಲ್ಲಿ ಬರ್ತದ: ಇ. ಕೋಲೈ ರಸಕ್ಕ 8ರಿಂದ 16 ಮಿಲಿಮೋಲಾರ್ ಒಳಗ ಎರಡೆರಡು ಹೆಚ್ಚು ಮಾಡ್ಕೋತ ಪರೀಕ್ಷೆ ಮಾಡ್ರಿ, ಹೊಸ ಬ್ಯಾಚ್ ರಸ ಬಂದಾಗೆಲ್ಲಾ ಮತ್ತ ಮಾಡ್ರಿ. ಕಮ್ಮಿ ಆದ್ರ ರೈಬೋಸೋಮ್ ಕೂಡಂಗಿಲ್ಲ, ಜಾಸ್ತಿ ಆದ್ರ ಬ್ಯಾಡಾದಲ್ಲಿ ಕೂಡ್ತದ. ಮೊಲದ ಲೈಸೇಟ್‌ಗೆ ಇದಕ್ಕಿಂತ ಭಾಳ ಕಮ್ಮಿ ಸೇರಿಸ್ಬೇಕು, ಕಿಟ್ ಹಾಳಿ ನೋಡ್ರಿ.

ಕಂಟ್ರೋಲ್ ಮೂರು ಇರಲಿ. ಆರ್‌ಎನ್‌ಎ ಇಲ್ಲದ ಟ್ಯೂಬ್ ಒಂದು, ಕಿಟ್ ಜೊತಿ ಬಂದ ಆರ್‌ಎನ್‌ಎ ಒಂದು, ನಿಮ್ಮದೇ ಲೀಡರ್ ಮುಂದ ಸೂಪರ್‌ಫೋಲ್ಡರ್ ಜಿಎಫ್‌ಪಿ ಇರೋದು ಒಂದು. ಈ ಮೂರನೇದು ಹೊಳೀತು, ನಿಮ್ಮ ಜೀನ್ ಮಾತ್ರ ಬರಲಿಲ್ಲ ಅಂದ್ರ, ನಿಮ್ಮ ಜೀನ್‌ನ ಮೊದಲ ಹದಿನೈದು ಕೋಡಾನ್ ತಗೊಂಡು ಜಿಎಫ್‌ಪಿ ಮುಂದ ಅಂಟಿಸ್ರಿ. ಹೊಳಪು ಕಮ್ಮಿ ಆತು ಅಂದ್ರ ಗಂಟು ಸುರುವಿನ್ಯಾಗೇ ಅದ, ಹಿಂದ ಹೋಗಿ ಇನ್ನೊಂದು ನಮೂನಿ ತಗೋರಿ. ಹೊಳಪು ಹಂಗೇ ಇದ್ರ ಸುರು ಸರಿ ಅದ, ತಂಟೆ ಮುಂದ ಅದ: ಅಪರೂಪದ ಕೋಡಾನ್ ಉಳದಾವೇನು ನೋಡ್ರಿ, ಪ್ರೋಟೀನ್ ಆಗಿ ತಳಕ್ಕ ಕುಂತದೇನು ನೋಡ್ರಿ, ಟ್ಯೂಬ್ ತಿರುಗಿಸಿ ಮ್ಯಾಲಿನ ನೀರು ಬ್ಯಾರೆ, ಕೆಳಗಿನ ಗಷ್ಟು ಬ್ಯಾರೆ ಜೆಲ್‌ಗೆ ಹಾಕ್ರಿ. ಗಷ್ಟಿನ್ಯಾಗ ಬ್ಯಾಂಡ್ ಸಿಕ್ರ ಎಂಆರ್‌ಎನ್‌ಎ ಮುಟ್ಟಬ್ಯಾಡ್ರಿ, ರಿಯಾಕ್ಷನ್ ಉಷ್ಣತೆ ಇಳಿಸಿ ನೋಡ್ರಿ.